ನಂಬರ್ ತಪ್ಪಿದ ರಿವಾಲ್ವರ್

ಲೆನ್ಸಮ್ಮ ರಿವಾಲ್ವರಿನ ಬಾಯನ್ನು ಮೂಗಿನ ಹತ್ತಿರ ತಂದು ಮೆಲ್ಲಗೆ ಮೂಸಿದಳು.

ಕೊಳೆತ ಮೊಟ್ಟೆಯ ವಾಸನೆ. ತೀರ ತೆಳುವಾಗಿತ್ತು, ಆದರೆ ಇತ್ತು. ಕರಿಮದ್ದು ಸುಟ್ಟ ನಳಿಗೆಯನ್ನು ಬಿಸಿನೀರಿನಲ್ಲಿ ತೊಳೆಯದೆ ಹಾಗೇ ಬಿಟ್ಟರೆ ಆ ವಾಸನೆ ಅಷ್ಟು ಬೇಗ ಬಿಟ್ಟುಹೋಗುವುದಿಲ್ಲ.

ಹೋದ ತಿಂಗಳು ಇದೇ ರಿವಾಲ್ವರಿನಿಂದ ಹಾರಿದ ಗುಂಡು ಎದೆಗೆ ಹೊಕ್ಕು ದೊಡ್ಡ ಡಾಕ್ಟರು ಇದೇ ಕೋಣೆಯಲ್ಲಿ ತೀರಿಕೊಂಡಿದ್ದರು. ಒರೆಸುತ್ತಿದ್ದಾಗ ತಾನಾಗಿ ಹಾರಿದ್ದು ಎಂದು ಪೊಲೀಸರು ಬರೆದು ಮುಗಿಸಿದ್ದರು.

ಆಮೇಲೆ ರಿವಾಲ್ವರು ಮೊಹರು ಹಾಕಿದ ಪೊಟ್ಟಣದಲ್ಲಿ ಮನೆಗೆ ಮರಳಿ ಬಂದಿತ್ತು. ಪೊಟ್ಟಣ ಒಡೆದವಳು ಲೆನ್ಸಮ್ಮನೇ. ಹರಾಜು ಕಂಪನಿಯಲ್ಲಿ ಹಳೆಯ ಆಯುಧಗಳಿಗೆ ಬೆಲೆ ಕಟ್ಟುವುದು ಅವಳ ಕೆಲಸ. ಕತ್ತಿನಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಭೂತಗನ್ನಡಿ ಸದಾ ನೇತಾಡುತ್ತಿದ್ದುದರಿಂದ ಆ ಹೆಸರು ಬಿದ್ದಿತ್ತು. ಹೆತ್ತವರು ಇಟ್ಟ ಹೆಸರಿನಿಂದ ಕರೆದರೆ ಅವಳೇ ಒಂದು ಕ್ಷಣ ತಿರುಗಿ ನೋಡುತ್ತಿರಲಿಲ್ಲ.

ಈ ಕೆಲಸಕ್ಕೆ ಅವಳು ಬಂದದ್ದು ಬರೀ ಕಂಪನಿ ಕಳಿಸಿದ್ದಕ್ಕಲ್ಲ. ದೊಡ್ಡ ಡಾಕ್ಟರು ಅವಳ ಗುರು. ಹಲ್ಲು ಕೀಳುವುದರಲ್ಲಿ ಅರ್ಧ ಆಯುಷ್ಯ, ಹಳೆಯ ರಿವಾಲ್ವರುಗಳನ್ನು ಹುಡುಕಿ ತರುವುದರಲ್ಲಿ ಇನ್ನರ್ಧ ಆಯುಷ್ಯ ಕಳೆದ ಮನುಷ್ಯ. ಅವರ ಮಗಳು ಗುಬ್ಬಿ ಲೆನ್ಸಮ್ಮನ ಬಾಲ್ಯದ ಗೆಳತಿ. ಊರ ಹೊರಗಿನ ಕಲ್ಲುಕ್ವಾರಿಯಲ್ಲಿ ಖಾಲಿ ಡಬ್ಬ ಸಾಲಾಗಿ ಇಟ್ಟು, ಮದ್ದು ತುಂಬುವುದು ಹೇಗೆ, ಗುರಿ ಹಿಡಿಯುವುದು ಹೇಗೆ ಎಂದು ಡಾಕ್ಟರು ಇಬ್ಬರಿಗೂ ಒಟ್ಟಿಗೇ ಕಲಿಸಿದ್ದರು. ಗುಬ್ಬಿಯ ಗುರಿ ತಪ್ಪುತ್ತಿರಲಿಲ್ಲ. ಲೆನ್ಸಮ್ಮನಿಗೆ ಡಬ್ಬ ಬೀಳಿಸುವುದಕ್ಕಿಂತ ರಿವಾಲ್ವರಿನ ಮೇಲೆ ಏನು ಕೆತ್ತಿದೆ ಎಂದು ನೋಡುವುದೇ ಹೆಚ್ಚು ಇಷ್ಟವಾಗಿತ್ತು.

ಗಾಜಿನ ಕಪಾಟುಗಳಲ್ಲಿದ್ದ ಉಳಿದವುಗಳ ಕೆಲಸ ಬೆಳಿಗ್ಗೆಯೇ ಮುಗಿದಿತ್ತು. ಒಂದನ್ನು ಹಿಂದಿನ ಯಾರೋ ಪುಣ್ಯಾತ್ಮರು ಉಜ್ಜಿ ಉಜ್ಜಿ ಕನ್ನಡಿ ಮಾಡಿಟ್ಟಿದ್ದರು. ಹಳೆಯ ನೀಲಿ ಬಣ್ಣದ ಜೊತೆಗೆ ಅದರ ಬೆಲೆಯೂ ಉಜ್ಜಿಹೋಗಿತ್ತು. ಇನ್ನೊಂದರ ಹಿಡಿಯ ಮೇಲಿನ ಬಳ್ಳಿಯ ಕೆತ್ತನೆ ಆ ರಿವಾಲ್ವರಿಗಿಂತ ನೂರು ವರ್ಷ ಚಿಕ್ಕದು. ಮತ್ತೊಂದು ಮಾತ್ರ ಯಾರ ಕೈಗೂ ಸಿಗದೆ, ಮುದಿಯಾದರೂ ಮಾನ ಕಳೆದುಕೊಳ್ಳದೆ, ತನ್ನ ಕಂದುಬಣ್ಣದಲ್ಲೇ ಕೂತಿತ್ತು. ಅದನ್ನು ಕೆಳಗಿಡುವಾಗ ಅವಳಿಗೆ ಡಾಕ್ಟರ ನೆನಪಾಗಿತ್ತು.

ಕೊನೆಗೆ ಉಳಿದದ್ದು ಇದೊಂದು.

ಈ ಕಾಲದ ತೋಟಾಗಳು ಹುಟ್ಟುವ ಮೊದಲಿನ ರಿವಾಲ್ವರುಗಳು ಇವು. ನಡುವೆ ತಿರುಗುವ ಸಿಲಿಂಡರಿನ ಒಂದೊಂದು ಗೂಡಿಗೂ ಮುಂದಿನಿಂದ ಮದ್ದು ಸುರಿದು, ಸೀಸದ ಗುಂಡನ್ನು ಒತ್ತಿ ಕೂರಿಸಿ, ಹಿಂದಿನ ತೊಟ್ಟಿಗೆ ತಾಮ್ರದ ಪುಟ್ಟ ಕ್ಯಾಪು ತೊಡಿಸಬೇಕು. ಹ್ಯಾಮರ್ ಬಂದು ಕ್ಯಾಪಿಗೆ ಬಡಿದರೆ ಕಿಡಿ. ಕಿಡಿ ಮದ್ದಿಗೆ ತಾಗಿದರೆ ಗುಂಡು. ಎಷ್ಟೋ ಸಲ ಹಿಂದಿನವರು ತುಂಬಿಟ್ಟ ಮದ್ದು ಯಾರ ಗಮನಕ್ಕೂ ಬಾರದೆ ಒಳಗೇ ಉಳಿದುಬಿಡುತ್ತದೆ. ಹಾಗೇ ಆಗಿರಬೇಕು ಎಂದು ಇನ್ಸ್‌ಪೆಕ್ಟರು ತೀರ್ಮಾನ ಮಾಡಿದ್ದರು.

ಲೆನ್ಸಮ್ಮ ಭೂತಗನ್ನಡಿಯನ್ನು ಕಣ್ಣಿಗೆ ಒತ್ತಿಕೊಂಡಳು. ನಳಿಗೆಯ ಕೆಳಗೆ ಒತ್ತಿದ ನಂಬರು. ಚೌಕಟ್ಟಿನ ಮೇಲೆ ಅದೇ ನಂಬರು. ಟ್ರಿಗರಿನ ಸುತ್ತ ಬರುವ ಹಿತ್ತಾಳೆಯ ಬಳೆಯ ಮೇಲೆ ಅದೇ.

ಸಿಲಿಂಡರಿನ ಮೇಲೆ ಬೇರೆ.

ಅವಳು ಕಣ್ಣು ಒರೆಸಿಕೊಂಡು ಮತ್ತೆ ನೋಡಿದಳು. ಬೇರೆಯೇ. ಹೋದ ವರ್ಷ ಡಾಕ್ಟರು ಇದನ್ನು ಅವಳ ಆಫೀಸಿಗೇ ತಂದು, ಎಲ್ಲಾ ನಂಬರೂ ಒಂದೇ ಇರುವುದನ್ನು ಮೊಮ್ಮಗುವಿನ ಫೋಟೋ ತೋರಿಸುವವರ ಹಾಗೆ ತೋರಿಸಿದ್ದರು. ಬಿಡಿಭಾಗ ಬದಲಾದ ರಿವಾಲ್ವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಬೇರೆಯವರ ಹಲ್ಲಿನ ಸೆಟ್ಟು ಬಾಯಿಗೆ ಹಾಕಿಕೊಂಡ ಹಾಗೆ ಅಂತ ಮುಖ ಸಿಂಡರಿಸುತ್ತಿದ್ದರು.

ಅವಳು ನಳಿಗೆಯ ಪಕ್ಕದ ಬೆಣೆಯನ್ನು ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿ ಹೊರಗೆಳೆದಳು. ನಳಿಗೆ ಜಾರಿ ಬಂತು. ಹಿಂದೆಯೇ ಸಿಲಿಂಡರೂ ಕೈಗೆ ಬಂತು.

ನಳಿಗೆಯ ಒಳಗೆ ಕಪ್ಪು ಮಸಿ, ಅದರ ಮೇಲೆ ಆಗಲೇ ಕಿತ್ತಳೆ ಬಣ್ಣದ ತುಕ್ಕು. ಸಿಲಿಂಡರಿನ ಗೂಡುಗಳಲ್ಲಿ ಮಾತ್ರ ಒಂದು ಚುಕ್ಕೆ ಮಸಿಯೂ ಇರಲಿಲ್ಲ. ಒಣಗಿದ ಧೂಳು, ಕಾಲಕ್ಕೆ ಕೊರೆದ ಸಣ್ಣ ಸಣ್ಣ ಗುಳಿ, ಅಷ್ಟೇ. ನೂರು ವರ್ಷದಿಂದ ಅಲ್ಲಿ ಬೆಂಕಿ ಬಿದ್ದೇ ಇಲ್ಲ. ಬಾಯಿ ಎಂಜಲಾಗಿದೆ, ತಟ್ಟೆ ಮಾತ್ರ ಮುಟ್ಟೇ ಇಲ್ಲ.

ಡಾಕ್ಟರನ್ನು ಕೊಂದ ಗುಂಡು ಈ ಸಿಲಿಂಡರಿನಿಂದ ಹಾರಿದ್ದಲ್ಲ. ಹಾರಿಸಿದ ಸಿಲಿಂಡರನ್ನು ಆಮೇಲೆ ಯಾರೋ ತೆಗೆದು, ಈ ಜಾಗದಲ್ಲಿ ಇದನ್ನು ಕೂರಿಸಿದ್ದಾರೆ. ತಾನಾಗಿ ಹಾರಿದ ರಿವಾಲ್ವರಿಗೆ ಇಂಥ ಉಪಚಾರ ಯಾರೂ ಮಾಡುವುದಿಲ್ಲ.

"ಮುಗೀತಾ?"

ಬಾಗಿಲಲ್ಲಿ ಗುಬ್ಬಿ ನಿಂತಿದ್ದಳು. ಕೈಯಲ್ಲಿ ಕಾಫಿ ಲೋಟ. ಬೆಳಗಿನಿಂದ ಅವಳು ಹೊಸ್ತಿಲಿನ ಒಳಗೆ ಕಾಲಿಟ್ಟಿರಲಿಲ್ಲ. ಮೊದಲೇ ಗುಬ್ಬಿಯಂಥವಳು, ಈಗ ಇನ್ನೂ ಇಳಿದುಹೋಗಿದ್ದಳು. ಬಳೆ ಮೊಣಕೈವರೆಗೂ ಜಾರುತ್ತಿತ್ತು.

ಲೆನ್ಸಮ್ಮ ಸಿಲಿಂಡರಿನ ಮೇಲೆ ಬಟ್ಟೆ ಎಳೆದು, ತಾನೇ ಎದ್ದು ಹೋಗಿ ಲೋಟ ತೆಗೆದುಕೊಂಡಳು. ಇನ್ನೂ ಸ್ವಲ್ಪ ಇದೆ ಎಂದಳು. ಗುಬ್ಬಿ ಕೋಣೆಯ ಕಡೆ ನೋಡದೆ, ಎಲ್ಲವನ್ನೂ ಒಟ್ಟಿಗೆ ಮಾರಿಬಿಡಬೇಕು, ತನಗೆ ಒಂದೂ ಬೇಡ, ಅಪ್ಪನ ನೆನಪಿಗೆ ಅವರ ಕನ್ನಡಕ ಇದ್ದರೆ ಸಾಕು ಎಂದಳು. ಮಾತಾಡುತ್ತಿದ್ದಷ್ಟು ಹೊತ್ತೂ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಇದ್ದಳು.

"ರಾತ್ರಿ ನಿದ್ದೆ ಬರುತ್ತೇನೇ?" ಎಂದಳು ಲೆನ್ಸಮ್ಮ.

"ಬರುತ್ತೆ ಬಿಡು," ಎಂದು ಗುಬ್ಬಿ ಹೊರಟುಹೋದಳು. ಬರುವುದಿಲ್ಲ ಎನ್ನುವುದು ಅವಳ ಕಣ್ಣಿನ ಕೆಳಗೇ ಬರೆದಿತ್ತು.

ಅವಳು ಹೋದ ಬೆನ್ನಿಗೆ ಟೋಪಿ ರಾಯರು ಬಂದರು.

ಇವರೂ ರಿವಾಲ್ವರ್ ಸಂಗ್ರಹಿಸುವವರೇ. ತಲೆಯ ಮೇಲಿನ ಉಣ್ಣೆಯ ಟೋಪಿಯನ್ನು ಊಟಕ್ಕೆ ಕೂತಾಗಲೂ ತೆಗೆಯುವುದಿಲ್ಲ. ಆ ಟೋಪಿಯಿಂದ ಈ ಹೆಸರು ಬಂತೋ, ಅವರು ಇತರ ಸಂಗ್ರಾಹಕರಿಗೆ ಹಾಕಿದ ಟೋಪಿಗಳಿಂದ ಬಂತೋ, ಎಂಬ ಬಗ್ಗೆ ಎರಡು ಅಭಿಪ್ರಾಯಗಳಿದ್ದವು. ಡಾಕ್ಟರೊಂದಿಗೆ ಹಲವು ವರ್ಷದ ಸ್ನೇಹ, ಅಷ್ಟೇ ವರ್ಷದ ಜಗಳ.

ಹಾಗೇ ಹಾದುಹೋಗುತ್ತಿದ್ದೆ, ಒಂದು ಸಲ ನೋಡಿ ಹೋಗೋಣ ಅಂತ ಬಂದೆ ಎಂದರು. ಕೂರಲಿಲ್ಲ. ಕಪಾಟುಗಳ ಮುಂದೆ ಅತ್ತಿಂದಿತ್ತ ನಡೆದಾಡಿ, ಕೊನೆಗೆ ಮೇಜಿನ ಹತ್ತಿರ ಬಂದು ದನಿ ಇಳಿಸಿದರು. ಉಳಿದದ್ದು ಯಾರಿಗಾದರೂ ಹೋಗಲಿ, ಒಡೆಯನನ್ನೇ ತಿಂದ ಈ ರಿವಾಲ್ವರು ಮಾತ್ರ ತಮಗೆ ಬೇಕು. ಹರಾಜಿಗೆ ಇಡುವುದೇ ಬೇಡ. ಪರೀಕ್ಷೆ ಗಿರೀಕ್ಷೆ ಏನೂ ಬೇಡ, ಇದ್ದ ಹಾಗೇ ಕೊಟ್ಟರೆ ಸಾಕು. ಇಂಥ ಕಥೆ ಇರುವ ವಸ್ತುವಿಗೆ ಬೆಲೆ ಹೆಚ್ಚು ಎಂದರು.

ಬಾಗಿಲ ತನಕ ಹೋದವರು ತಿರುಗಿ ನಿಂತರು.

"ನಂಬರೆಲ್ಲಾ ಸರಿಯಾಗಿದೆ ತಾನೆ?"

"ಇನ್ನೂ ನೋಡಿಲ್ಲ," ಎಂದಳು ಲೆನ್ಸಮ್ಮ.

ರಾಯರು ಬಟ್ಟೆ ಮುಚ್ಚಿದ ಉಬ್ಬನ್ನು ಒಂದು ಗಳಿಗೆ ನೋಡಿ ಮೆಟ್ಟಿಲಿಳಿದರು. ಪರೀಕ್ಷೆ ಬೇಡ ಎಂದವರಿಗೆ ನಂಬರಿನ ಚಿಂತೆ ಯಾಕೆ ಬಂತು? ಅವಳು ಕಾಫಿಯನ್ನು ಆರಲು ಬಿಟ್ಟು ಯೋಚಿಸಿದಳು.

ಆಮೇಲೆ ಸ್ಟೇಷನ್ನಿಗೆ ಫೋನ್ ಮಾಡಿದಳು. ಬೆಲೆ ಕಟ್ಟುವಾಗ ಕೇಳಲೇಬೇಕಾದ ಪ್ರಶ್ನೆ ಎಂದು ನೆಪ ಹೇಳಿ, ರಿವಾಲ್ವರನ್ನು ಅಲ್ಲಿ ಯಾರಾದರೂ ಬಿಚ್ಚಿದ್ದರೇ ಎಂದು ವಿಚಾರಿಸಿದಳು. ಇನ್ಸ್‌ಪೆಕ್ಟರು ನಕ್ಕರು. ನೂರು ವರ್ಷ ಮಲಗಿದ್ದ ಮದ್ದು ಎದ್ದು ಮನುಷ್ಯನನ್ನು ಕೊಂದಿದೆ ಎಂದು ಗೊತ್ತಾದ ಮೇಲೆ ತಮ್ಮ ಸ್ಟೇಷನ್ನಿನಲ್ಲಿ ಅದನ್ನು ಬಿಚ್ಚುವುದಿರಲಿ, ಅದರ ಪಕ್ಕದ ಬೆಂಚಿನಲ್ಲಿ ಕೂರುವುದಕ್ಕೂ ಯಾರೂ ತಯಾರಿರಲಿಲ್ಲ. ಸಿಕ್ಕ ಹಾಗೇ ಮೊಹರು ಮಾಡಿದ್ದು, ಹಾಗೇ ಕಳಿಸಿದ್ದು ಎಂದರು. ಡಾಕ್ಟರ ದೇಹದಲ್ಲಿ ಸಿಕ್ಕಿದ್ದು ಒಂದೇ ಗುಂಡು, ಅದರಲ್ಲಿ ಅನುಮಾನಕ್ಕೆ ಜಾಗವೇ ಇಲ್ಲ, ಬೇಗ ಬೆಲೆ ಕಟ್ಟಿ ಆ ಹೆಣ್ಣುಮಗಳಿಗೆ ನೆಮ್ಮದಿ ಕೊಡಿ ಎಂದೂ ಹೇಳಿದರು.

ಹಾಗಾದರೆ ಸಿಲಿಂಡರು ಬದಲಾದದ್ದು ಪೊಲೀಸರು ಬರುವ ಮೊದಲು. ಈ ಕೋಣೆಯಲ್ಲೇ.

ಕಪಾಟಿನ ಕೆಳಗಿನ ಖಾನೆಯಲ್ಲಿ ಡಾಕ್ಟರು ಬಿಡಿಭಾಗ ಇಡುತ್ತಿದ್ದರು. ಲೆನ್ಸಮ್ಮ ಅದನ್ನು ಎಳೆದಳು. ಹಸಿರು ಮೆತ್ತೆಯಲ್ಲಿ ಪ್ರತಿಯೊಂದು ಭಾಗಕ್ಕೂ ಅದರದೇ ಆಕಾರದ ಗುಳಿ ಕತ್ತರಿಸಿತ್ತು. ಸ್ಪ್ರಿಂಗಿಗೊಂದು, ಹ್ಯಾಮರಿಗೊಂದು, ತೊಟ್ಟು ಬಿಚ್ಚುವ ಕೀಲಿಗೊಂದು. ನಡುವಿನ ದುಂಡನೆಯ ಗುಳಿ ಮಾತ್ರ ಖಾಲಿ. ಅವಳು ಕೈಯಲ್ಲಿದ್ದ ಸಿಲಿಂಡರನ್ನು ಅದರಲ್ಲಿ ಇಟ್ಟು ನೋಡಿದಳು. ಮನೆಗೆ ಬಂದ ಹಾಗೆ ಕೂತಿತು.

ಆ ದಿನ ಹೆಣ ಮೊದಲು ನೋಡಿದವರು ಗುಬ್ಬಿಯ ಗಂಡ, ಅಳಿಯ ಡಾಕ್ಟರು. ಗುಬ್ಬಿ ತರಕಾರಿ ತರಲು ಹೋಗಿದ್ದಳಂತೆ. ಪೊಲೀಸರಿಗೆ ಫೋನ್ ಮಾಡಿದವರೂ ಅಳಿಯನೇ. ಅದಕ್ಕೆ ಮೊದಲು ಈ ಕೋಣೆಯಲ್ಲಿ ಅವರು ಒಬ್ಬರೇ ಇದ್ದರು.

ಲೆನ್ಸಮ್ಮ ಕಿಟಕಿಯ ಹತ್ತಿರ ಹೋಗಿ ನಿಂತಳು. ಕೆಳಗಿನ ರಸ್ತೆಯಲ್ಲಿ ಒಬ್ಬ ಹೆಂಗಸು ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದಳು. ಎದುರಿನ ಟೈಲರ್ ಅಂಗಡಿಯಲ್ಲಿ ಇಸ್ತ್ರಿಯ ಹೊಗೆ ಏಳುತ್ತಿತ್ತು. ಕಂಡದ್ದನ್ನು ಬರೆದರೆ ನಾಳೆಯೇ ಪೊಲೀಸರು ಈ ಮೆಟ್ಟಿಲು ಹತ್ತುತ್ತಾರೆ, ಗುಬ್ಬಿಗೆ ಅಪ್ಪನ ಹಿಂದೆಯೇ ಗಂಡನೂ ಹೋಗುತ್ತಾನೆ. ಬರೆಯದಿದ್ದರೆ, ತನಗೆ ಕಣ್ಣು ಕೊಟ್ಟ ಗುರುವಿನ ಸಾವಿನ ಮೇಲೆ ತಾನೇ ಸುಳ್ಳಿನ ಸಹಿ ಹಾಕಿದ ಹಾಗೆ.

ಅವಳು ಸಿಲಿಂಡರನ್ನು ಚೀಲಕ್ಕೆ ಹಾಕಿಕೊಂಡು ಕೆಳಗಿಳಿದಳು.

ಮನೆ ಮೇಲೆ, ಕ್ಲಿನಿಕ್ ಕೆಳಗೆ. ಮಾವನ ಕಾಲದ ಕುರ್ಚಿಯಲ್ಲೇ ಅಳಿಯ ಡಾಕ್ಟರು ಈಗ ಹಲ್ಲು ನೋಡುತ್ತಿದ್ದರು. ಮೂಲೆಯಲ್ಲಿ ಗಾಳಿಯ ಕಂಪ್ರೆಸರ್ ಗಡಗಡ ಓಡುತ್ತಿತ್ತು. ಬೆಂಚಿನಲ್ಲಿ ಕೆನ್ನೆ ಊದಿಸಿಕೊಂಡ ಒಬ್ಬ ಬಸ್ ಕಂಡಕ್ಟರು, ತನಗಿಂತ ಮೊದಲು ಇವಳು ಒಳಗೆ ಹೋಗಿಬಿಟ್ಟರೆ ಎಂದು ಹೆದರಿ, ಬಾಗಿಲ ಕಡೆಗೆ ಒಂದು ಗೇಣು ಸರಿದು ಕೂತ. ತನಗೆ ಹಲ್ಲುನೋವಿಲ್ಲ ಎಂದು ಲೆನ್ಸಮ್ಮ ಅವನಿಗೆ ಸಮಾಧಾನ ಹೇಳಿದಳು.

ತೆರೆದ ಬಾಗಿಲಿನಿಂದ ಅಳಿಯ ಡಾಕ್ಟರ ಕೈ ಕಾಣುತ್ತಿತ್ತು. ಮೊದಲಾದರೆ ಹೂವು ಕೀಳುವಂಥ ಕೈ. ಇವತ್ತು ಅವರು ಸೂಜಿಯನ್ನು ಎರಡೆರಡು ಸಲ ಹಿಂದಕ್ಕೆ ತೆಗೆದು, ಉಸಿರು ಎಳೆದುಕೊಂಡು, ಮತ್ತೆ ಮುಂದಕ್ಕೆ ತರುತ್ತಿದ್ದರು.

ಕಂಡಕ್ಟರು ಹಲ್ಲು ಕಳೆದುಕೊಂಡು ಹೋದ ಮೇಲೆ ಲೆನ್ಸಮ್ಮ ಒಳಗೆ ಹೋದಳು. ಸಿಲಿಂಡರನ್ನು ಔಷಧಿಯ ತಟ್ಟೆಯ ಮೇಲೆ, ಇಕ್ಕಳದ ಪಕ್ಕದಲ್ಲಿ ಇಟ್ಟಳು.

ಅಳಿಯ ಡಾಕ್ಟರು ಅದನ್ನು ನೋಡಿದರು. ಮುಖದ ಮಾಸ್ಕ್ ತೆಗೆಯಲು ಮರೆತರು. ಆಮೇಲೆ ಹೋಗಿ ಹೊರಬಾಗಿಲಿಗೆ ಚಿಲಕ ಹಾಕಿ ಬಂದರು.

"ಹಿಂದಿನ ರೂಮಿಗೆ ಬನ್ನಿ ಅಕ್ಕಾ," ಎಂದರು.

ಹಿಂದಿನದು ಹಲ್ಲಿನ ಅಚ್ಚು ಮಾಡುವ ಕೋಣೆ. ಗೋಡೆಯ ಉದ್ದಕ್ಕೂ ಹಲಗೆಗಳ ಮೇಲೆ ಪ್ಲಾಸ್ಟರಿನ ದವಡೆಗಳು ಸಾಲಾಗಿ ಕೂತಿದ್ದವು. ಹೊಸಬರು ನೋಡಿದರೆ ಊರಿನ ಅರ್ಧ ಜನ ಒಟ್ಟಿಗೆ ನಗುತ್ತಿದ್ದಾರೆ ಅನಿಸಬೇಕು. ಮೇಜಿನ ಮೇಲೆ ಗುಲಾಬಿ ಬಣ್ಣದ ಮೇಣದ ಹಾಳೆಗಳು, ಸ್ಪಿರಿಟ್ ದೀಪ, ಬಿಳಿ ಹುಡಿ.

ಕೂರಿ ಎಂದರು, ಅವಳು ಕೂರಲಿಲ್ಲ. ಈ ಸಿಲಿಂಡರು ಹಾರಿಸಿದ್ದಲ್ಲ ಎನ್ನುವುದನ್ನು ಅವಳು ಎರಡೇ ಮಾತಿನಲ್ಲಿ ತಿಳಿಸಿ, ಬಿಡಿಭಾಗದ ಖಾನೆಯ ಖಾಲಿ ಗುಳಿಯನ್ನೂ ಹೇಳಿದಳು. ಅಳಿಯ ಡಾಕ್ಟರು ವಾದ ಮಾಡಲಿಲ್ಲ.

"ಬದಲಾಯಿಸಿದ್ದು ನಾನೇ," ಎಂದರು.

"ಮಾವನ್ನ ಕೊಂದಿದ್ದು?"

"ಅಯ್ಯೋ, ಇಲ್ಲ ಅಕ್ಕಾ. ಹಲ್ಲು ನೋಡ್ತಾ ಇದ್ದವನು ನಾನು. ಸದ್ದು ಕೇಳಿ ಮೇಲೆ ಓಡಿದೆ."

"ಮತ್ಯಾಕೆ ಮುಟ್ಟಿದ್ರಿ ಅದನ್ನ?"

ಅವರು ಮೇಜಿನ ಮೇಲಿದ್ದ ಗುಲಾಬಿ ಮೇಣದ ಹಾಳೆಯನ್ನು ಎತ್ತಿ ಅವಳ ಕೈಗೆ ಕೊಟ್ಟರು.

ಆಮೇಲೆ ಎಲ್ಲವನ್ನೂ ಹೇಳಿದರು. ಮೇಲೆ ಹೋದಾಗ ಮಾವ ನೆಲದ ಮೇಲೆ ಬಿದ್ದಿದ್ದರು, ನಾಡಿ ಇರಲಿಲ್ಲ, ರಿವಾಲ್ವರು ಪಕ್ಕದಲ್ಲೇ ಇತ್ತು. ಎತ್ತಿ ನೋಡಿದರೆ ಸಿಲಿಂಡರಿನ ಗೂಡುಗಳ ಬಾಯಿಗೆ ಇದೇ ಗುಲಾಬಿ ಮೇಣ ಮೆತ್ತಿತ್ತು. ಕಿಡಿ ಪಕ್ಕದ ಗೂಡಿಗೆ ಹಾರದಿರಲಿ ಎಂದು ಗುಂಡಿನ ಮೇಲೆ ಮೇಣ ಅಥವಾ ಕೊಬ್ಬು ಮೆತ್ತುವುದು ಬಲ್ಲವರ ಪದ್ಧತಿ ಎಂದು ಮಾವ ಹೇಳುತ್ತಿದ್ದುದು ಅವರಿಗೆ ನೆನಪಿತ್ತು. ಅಂದರೆ ಅದು ನೂರು ವರ್ಷದ ಹಿಂದಿನ ಮದ್ದಲ್ಲ. ಅವತ್ತೇ, ಈ ಕ್ಲಿನಿಕ್ಕಿನ ಮೇಣದಿಂದಲೇ ಮುಚ್ಚಿದ್ದು.

ಅವತ್ತು ಬೆಳಿಗ್ಗೆ ಆ ಮೇಣ ಕೇಳಿಕೊಂಡು ಕೆಳಗೆ ಬಂದವಳು ಗುಬ್ಬಿ.

"ಏನಕ್ಕೆ ಅಂತ ನಾನು ಕೇಳಲಿಲ್ಲ. ಪೇಷಂಟ್ ಬಾಯಿ ತೆಗೆದು ಕೂತಿದ್ರು. ತಗೊಂಡು ಹೋಗು ಅಂದೆ."

ಮದ್ದು ತುಂಬುವುದು ಮನೆಯಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು: ಮಾವನಿಗೆ, ಮಗಳಿಗೆ. ಅಪ್ಪ ಮಗಳ ನಡುವೆ ಕೆಲವು ವಾರಗಳಿಂದ ಮಾತು ಸರಿಯಿರಲಿಲ್ಲ. ಯಾಕೆ ಎಂದು ಇಬ್ಬರೂ ಹೇಳಿರಲಿಲ್ಲ. ಮದ್ದು ಹಳೆಯದು ಎಂದು ಪೊಲೀಸರು ನಂಬಬೇಕಾದರೆ ಆ ಮೇಣ ಅವರ ಕಣ್ಣಿಗೆ ಬೀಳಬಾರದಿತ್ತು. ಮಾವ ಬೆಣೆ ತೆಗೆಯುವುದನ್ನು ಎಷ್ಟೋ ಸಲ ನೋಡಿದ್ದ ಕೈ ತಾನಾಗಿ ಕೆಲಸ ಮಾಡಿತು. ಹೆಂಡತಿ ತರಕಾರಿ ಚೀಲ ಹಿಡಿದುಕೊಂಡು ಬರುವ ಹೊತ್ತಿಗೆ ಪೊಲೀಸರು ಬಂದಾಗಿತ್ತು. ಅವಳು ಏನೂ ಕೇಳಲಿಲ್ಲ. ಇವರೂ ಕೇಳಲಿಲ್ಲ.

"ಅವತ್ತಿಂದ ಒಂದೇ ತಟ್ಟೇಲಿ ಊಟ ಮಾಡೋರ ಹಾಗೆ ಇದ್ದೀವಿ ಅಕ್ಕಾ, ಒಬ್ಬರ ಮುಖ ಒಬ್ಬರು ನೋಡಲ್ಲ. ಅವಳು ಎದ್ದು ಕೂತ್ರೆ ನಾನು ನಿದ್ದೆ ಬಂದ ಹಾಗೆ ಮಲಗ್ತೀನಿ."

ಲೆನ್ಸಮ್ಮನ ಸಿಟ್ಟು ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ. ಕೊಲೆಗಾರನನ್ನು ಹಿಡಿಯಲು ಇಳಿದು ಬಂದವಳು, ಹೆಂಡತಿಯನ್ನು ಕಾಯಲು ಹೊರಟ ಒಬ್ಬ ಗಂಡನ ಮುಂದೆ ನಿಂತಿದ್ದಳು. ಅವಳ ಎದೆಯಲ್ಲಿ ಕೂತದ್ದು ಈಗ ಇನ್ನೂ ಭಾರವಾದದ್ದು. ಕಲ್ಲುಕ್ವಾರಿಯಲ್ಲಿ ಒಂದು ಕಣ್ಣು ಮುಚ್ಚಿ ಗುರಿ ಹಿಡಿಯುತ್ತಿದ್ದ ಗುಬ್ಬಿ.

"ಆ ಸಿಲಿಂಡರ್ ಎಲ್ಲಿದೆ?"

ಅಳಿಯ ಡಾಕ್ಟರು ಮೇಲಿನ ಹಲಗೆಯಿಂದ ಒಂದು ದವಡೆಯನ್ನು ಇಳಿಸಿದರು. ಉಳಿದವುಗಳಿಗಿಂತ ಅದರ ಬುಡ ದಪ್ಪಗಿತ್ತು. ಮುಂದಿನ ಹಲ್ಲು ಸ್ವಲ್ಪ ಓರೆ. ಆ ಓರೆ ಹಲ್ಲು ಲೆನ್ಸಮ್ಮನಿಗೆ ಗೊತ್ತಿತ್ತು. ನಕ್ಕಾಗಲೆಲ್ಲ ಕಾಣುತ್ತಿತ್ತು.

"ಮಾವನದೇ," ಎಂದರು ಅಳಿಯ ಡಾಕ್ಟರು ತಲೆ ತಗ್ಗಿಸಿ. "ಇದನ್ನ ಯಾರೂ ಮುಟ್ಟಲ್ಲ ಅನ್ನಿಸ್ತು."

ಅವರು ದವಡೆಯನ್ನು ಮೇಜಿನ ಮೇಲೆ ಮಗುಚಿ ಇಟ್ಟು ಸುತ್ತಿಗೆ ಎತ್ತಿದರು. ಲೆನ್ಸಮ್ಮ ಹಾರಿ ಅವರ ಮಣಿಕಟ್ಟು ಹಿಡಿದುಕೊಂಡಳು.

"ಒಳಗೆ ತುಂಬಿದ ಗೂಡುಗಳಿವೆ ಡಾಕ್ಟ್ರೇ. ಕ್ಯಾಪ್ ತೆಗೆದಿದ್ರಾ?"

ಕ್ಯಾಪು ಎಂದರೆ ಏನು ಎಂದು ಅವರು ಕೇಳಿದರು. ಆಮೇಲೆ ಅರ್ಥವಾಗಿ, ಸುತ್ತಿಗೆಯನ್ನು ಗಾಜಿನ ಲೋಟ ಇಡುವ ಹಾಗೆ ಕೆಳಗಿಟ್ಟರು. ಇಷ್ಟು ದಿನ ಅದರ ಪಕ್ಕದಲ್ಲೇ ಸ್ಪಿರಿಟ್ ದೀಪ ಹಚ್ಚಿ ಕೆಲಸ ಮಾಡಿದ್ದು ನೆನಪಾಗಿ ಅವರ ಹಣೆಯ ಮೇಲೆ ಬೆವರು ಮೂಡಿತು.

ಲೆನ್ಸಮ್ಮ ದವಡೆಯನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸಿದಳು. ಪ್ಲಾಸ್ಟರು ನೀರು ಕುಡಿದು ಗುಳ್ಳೆ ಬಿಡುವವರೆಗೂ ಇಬ್ಬರೂ ಕಾದರು. ಆಮೇಲೆ ಅಚ್ಚು ಕೆತ್ತುವ ಚಾಕುವಿನಿಂದ ಅವಳು ಪದರ ಪದರವಾಗಿ ಕೆರೆಯತೊಡಗಿದಳು. ಡಾಕ್ಟರ ಹಲ್ಲಿನ ಸಾಲು ಒಂದು ಕಡೆ ಕಳಚಿ ಬಂತು. ಅವಳು ಅದನ್ನು ಜೋಪಾನವಾಗಿ ಪಕ್ಕಕ್ಕಿಟ್ಟಳು. ಬುಡದ ಒಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ದುಂಡನೆಯ ಗಂಟು.

ಬಿಚ್ಚಿ ಟವಲಿನ ಮೇಲೆ ಇಟ್ಟಳು. ನಂಬರು ನೋಡಿದಳು. ಸರಿಯಾಗಿತ್ತು. ಇದು ಆ ರಿವಾಲ್ವರಿನ ಸ್ವಂತ ಸಿಲಿಂಡರು.

ಹಿಂದಿನಿಂದ ನೋಡುತ್ತ, ತುಂಬಿದ ಗೂಡುಗಳ ತೊಟ್ಟಿನ ಮೇಲಿದ್ದ ತಾಮ್ರದ ಕ್ಯಾಪುಗಳನ್ನು ಇಕ್ಕಳದಿಂದ ಒಂದೊಂದಾಗಿ ಎತ್ತಿ ನೀರಿಗೆ ಹಾಕಿದಳು. ನಾಲ್ಕನೆಯದು ನೀರಿಗೆ ಬಿದ್ದ ಮೇಲೆ ಅವಳ ಇಕ್ಕಳ ಗಾಳಿಯಲ್ಲೇ ನಿಂತಿತು.

ಇರುವುದು ಆರು ಗೂಡು. ಹಾರಿದ್ದು ಒಂದಾದರೆ ಇನ್ನೊಂದು ಕ್ಯಾಪು ತೆಗೆಯಲು ಉಳಿದಿರಬೇಕಿತ್ತು.

ಅವಳು ಸಿಲಿಂಡರನ್ನು ಬೆಳಕಿಗೆ ತಿರುಗಿಸಿದಳು. ನಾಲ್ಕು ಗೂಡುಗಳ ಬಾಯಿ ಗುಲಾಬಿ ಮೇಣದಿಂದ ಅಚ್ಚುಕಟ್ಟಾಗಿ ಮುಚ್ಚಿತ್ತು. ಎರಡು ಗೂಡು ಖಾಲಿ. ಎರಡರ ಒಳಗೂ ಕಪ್ಪು ಮಸಿ. ಎರಡರ ತೊಟ್ಟಿನ ಮೇಲೂ ಒಡೆದು ಚಪ್ಪಟೆಯಾದ ಕ್ಯಾಪಿನ ಚೂರು ಅಂಟಿಕೊಂಡಿತ್ತು. ಒಂದರ ಕಿಡಿ ಇನ್ನೊಂದಕ್ಕೆ ಹಾರಿದ್ದಾದರೆ ಎರಡನೆಯ ಕ್ಯಾಪು ಹೀಗೆ ಚಪ್ಪಟೆಯಾಗುವುದಿಲ್ಲ. ಹ್ಯಾಮರು ಎರಡು ಸಲ ಬಡಿದಿದೆ. ಯಾರದೋ ಬೆರಳು ಎರಡು ಸಲ ಟ್ರಿಗರ್ ಒತ್ತಿದೆ.

"ಎಷ್ಟು ಸದ್ದು ಕೇಳಿದ್ರಿ ನೀವು?"

"ಒಂದು."

"ಸರಿಯಾಗಿ ನೆನಪು ಮಾಡ್ಕೊಳ್ಳಿ."

ಒಂದೇ ಎಂದರು ಅಳಿಯ ಡಾಕ್ಟರು. ಹಲ್ಲು ಕೊರೆಯುವುದು ಮುಗಿಸಿ ಕಂಪ್ರೆಸರ್ ಆರಿಸಿದ್ದರು, ಆಗ ಕೇಳಿತು. ಅದು ಓಡುತ್ತಿದ್ದಾಗ ಮೇಲೆ ಏನಾದರೂ ಆಗಿದ್ದರೆ ಕೇಳಿಸುತ್ತಿರಲಿಲ್ಲ. ಅಷ್ಟು ಹೇಳಿದ ಮೇಲೆಯೇ ಅವರ ಕಣ್ಣು ಟವಲಿನ ಮೇಲಿನ ಎರಡು ಕಪ್ಪು ಬಾಯಿಗಳ ಮೇಲೆ ಬಿತ್ತು.

"ಮಾವನ ಮೈಯಲ್ಲಿ ಸಿಕ್ಕಿದ್ದು ಒಂದೇ ಗುಂಡಲ್ವಾ ಅಕ್ಕಾ?"

ಲೆನ್ಸಮ್ಮ ಬೆಳಗಿನಿಂದ ಆ ಕೋಣೆಯ ಒಂದೊಂದು ಕಪಾಟು, ಒಂದೊಂದು ಗಾಜು ನೋಡಿದ್ದಳು. ಗಾಜು ಒಡೆದಿರಲಿಲ್ಲ, ಗೋಡೆಯಲ್ಲಿ ತೂತಿರಲಿಲ್ಲ. ಎರಡನೆಯ ಗುಂಡು ಆ ಕೋಣೆಯಲ್ಲಿ ಇಲ್ಲ. ಅಂದರೆ ಅದು ಎಲ್ಲಿಗೋ ಹೋಗಿದೆ, ಅಥವಾ ಅದನ್ನು ಯಾರೋ ಮೈಯಲ್ಲಿ ಹೊತ್ತುಕೊಂಡು ಹೋಗಿದ್ದಾರೆ.

"ಊಟಕ್ಕೆ ಬರಲ್ವಾ ಇಬ್ಬರೂ?"

ಹಿತ್ತಲ ಬಾಗಿಲಿನಿಂದ ಬಂದ ಗುಬ್ಬಿ ಮಾತು ಮುಗಿಸುವ ಮೊದಲೇ ಟವಲನ್ನು ನೋಡಿದಳು. ಅಳಿಯ ಡಾಕ್ಟರು ತಟ್ಟನೆ ಎದ್ದು ಅದಕ್ಕೆ ಅಡ್ಡ ನಿಂತರು. ನೀನು ಮೇಲೆ ಹೋಗು, ಏನೂ ಮಾತಾಡಬೇಡ, ನಾನು ನೋಡಿಕೊಳ್ಳುತ್ತೇನೆ ಎಂದು ಒಂದರ ಮೇಲೊಂದು ಹೇಳಿದರು. ಗುಬ್ಬಿ ಅವರ ತೋಳನ್ನು ಮೆಲ್ಲಗೆ ಸರಿಸಿ ಮೇಜಿನ ಹತ್ತಿರ ಬಂದಳು. ಗಂಡನ ಮುಖವನ್ನು, ಬಹಳ ದಿನದ ಮೇಲೆ ನೋಡುವವಳ ಹಾಗೆ ನೋಡಿದಳು.

"ಇದನ್ನ ನೀವು ಇಟ್ಕೊಂಡಿದ್ರಾ?" ಎಂದಳು. "ನಾನು ಅವತ್ತು ಬಂದಿದ್ದವನು ತಗೊಂಡು ಹೋದ ಅಂತಲೇ ಅಂದ್ಕೊಂಡಿದ್ದೆ."

"ಯಾರು?" ಎಂದರು ಅಳಿಯ ಡಾಕ್ಟರು.

ಗುಬ್ಬಿ ಕುರ್ಚಿ ಎಳೆದು ಕೂತಳು. ಖಾಲಿ ಗೂಡುಗಳಲ್ಲಿ ಒಂದರ ಬಾಯಿಯ ಮೇಲೆ ಬೆರಳಿಟ್ಟಳು. ಬೆರಳಿನ ತುದಿಗೆ ಮಸಿ ಹತ್ತಿತು. ಅವಳು ಅದನ್ನು ಒರೆಸಿಕೊಳ್ಳಲಿಲ್ಲ. ಕತ್ತೆತ್ತಿ ಲೆನ್ಸಮ್ಮನನ್ನು ನೋಡಿದಳು.

"ಮೊದಲನೇದು ನಾನು ಹಾರಿಸಿದ್ದು ಕಣೇ, ಅವನ ಮೇಲೆ," ಎಂದಳು. "ಆಗ ಅಪ್ಪ ನನ್ನ ಪಕ್ಕದಲ್ಲೇ ನಿಂತಿದ್ರು."